ಉಳಿದ 45 ಡಿಗ್ರಿ

8 ಎಂಎಂ ಕಂಬಿಯನ್ನ 90 ಡಿಗ್ರಿ ಬಗ್ಗಿಸೋದಕ್ಕೂ 135 ಡಿಗ್ರಿ ಬಗ್ಗಿಸೋದಕ್ಕೂ ಏನು ವ್ಯತ್ಯಾಸ? ಕೈಗೆ ಇನ್ನೊಂದಿಷ್ಟು ಎಳೆತ. ಗಡಿಯಾರಕ್ಕೆ ಎರಡು ಮೂರು ಸೆಕೆಂಡು. ಕಬ್ಬಿಣದ ಬಿಲ್ಲಿಗೆ ಹೆಚ್ಚುಕಮ್ಮಿ ಸೊನ್ನೆ. ಇನ್ನು ಕಣ್ಣಿನ ವಿಚಾರಕ್ಕೆ ಬಂದ್ರೆ, ಕಾಂಕ್ರೀಟ್ ಸುರಿದ ಮೇಲೆ ಆ ಬಾಗು ಎಷ್ಟು ಡಿಗ್ರಿಯಲ್ಲಿ ನಿಂತಿದೆ ಅನ್ನೋದು ಆ ಮನೆ ಇರೋವರೆಗೂ ಯಾರಿಗೂ ಕಾಣಲ್ಲ.

ಹಾಗಾದ್ರೆ ಆ ಉಳಿದ 45 ಡಿಗ್ರಿ ಬಗ್ಗಿಸೋದು ಯಾರ ಜವಾಬ್ದಾರಿ? ಕೇಳೋಕೆ ಸಿವಿಲ್ ಇಂಜಿನಿಯರುಗಳ ಪ್ರಶ್ನೆ ಥರ ಇದೆ. ಆದರೆ ಮನೆ ಶೆಡ್ಡಲ್ಲಿ ನಾವೇ ಮಾಡಿಕೊಳ್ಳಬಹುದಾದ, ಕಂಬಿ ಬಗ್ಗಿಸೋ ಒಂದು ಸಣ್ಣ ಜಿಗ್ಗಿನ ಮೂಲಕ ಇದನ್ನ ನೋಡಿದ್ರೆ, ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯೋ ನಮ್ಮಂಥವರಿಗೂ ಇದು ಬಿಡದ ಪ್ರಶ್ನೆ ಅಂತ ನನಗನ್ನಿಸುತ್ತೆ.

ಮೊದಲು ಕಂಬಿಯ ಕಥೆ. ಕಟ್ಟುತ್ತಿರೋ ಮನೆಯ ಪಿಲ್ಲರ್ ಒಳಗೆ ನಾಲ್ಕೋ ಆರೋ ದಪ್ಪ ಕಂಬಿ ನೆಟ್ಟಗೆ ನಿಂತಿರುತ್ತವೆ. ಅವುಗಳ ಸುತ್ತ, ಬಳೆ ತೊಡಿಸಿದ ಹಾಗೆ, ಸಣ್ಣ ಕಂಬಿಯ ಚೌಕಗಳು. ಪುಸ್ತಕದಲ್ಲಿ ಇದಕ್ಕೆ ಸ್ಟಿರಪ್ ಅಂತ ಹೆಸರು, ಸೈಟಲ್ಲಿ ಎಲ್ಲರ ಬಾಯಲ್ಲೂ ರಿಂಗ್. ಈ ಚೌಕದ ಮೂರು ಮೂಲೆಗಳಲ್ಲಿ ಕಂಬಿ ಸುಮ್ಮನೆ 90 ಡಿಗ್ರಿ ತಿರುಗುತ್ತೆ. ನಾಲ್ಕನೇ ಮೂಲೆಯಲ್ಲಿ ಕಂಬಿಯ ಎರಡು ತುದಿಗಳು ಬಂದು ಸೇರುತ್ತವೆ. ಅಲ್ಲಿರೋದೇ ಹುಕ್. ಇಡೀ ರಿಂಗ್ ಬಿಚ್ಚಿಕೊಳ್ಳದ ಹಾಗೆ ಹಿಡಿದಿರಬೇಕಾದದ್ದು ಆ ಎರಡು ಹುಕ್ಕುಗಳು.

ಹುಕ್ಕನ್ನ 90 ಡಿಗ್ರಿಗೆ ನಿಲ್ಲಿಸಿದ್ರೆ ಅದರ ಬಾಲ ಪಿಲ್ಲರಿನ ಹೊರಮೈಗೆ ಸಮಾನಾಂತರವಾಗಿ, ಕಂಬಿಯನ್ನ ಮುಚ್ಚಿರೋ ಒಂದೂವರೆ ಇಂಚಿನ ಕಾಂಕ್ರೀಟ್ ಪದರದ ಪಕ್ಕದಲ್ಲೇ ಮಲಗಿರುತ್ತೆ. ಕಟ್ಟಡ ಜೋರಾಗಿ ಅಲುಗಾಡಿದಾಗ ಮೊದಲು ಉದುರೋದು ಆ ಪದರವೇ. ಅದು ಉದುರಿತು ಅಂದ್ರೆ ಬಾಲಕ್ಕೆ ಹಿಡಿತ ಹೋಯ್ತು, ಹುಕ್ ಬಿಚ್ಚಿತು, ರಿಂಗ್ ತೆರೆದುಕೊಳ್ತು. ಆಮೇಲೆ ನೆಟ್ಟಗಿದ್ದ ದಪ್ಪ ಕಂಬಿಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತೆ, ಪಿಲ್ಲರ್ ಕೂತುಬಿಡುತ್ತೆ. ಅದೇ ಹುಕ್ಕನ್ನ 135 ಡಿಗ್ರಿಗೆ ಬಗ್ಗಿಸಿದ್ರೆ ಬಾಲ ಪಿಲ್ಲರಿನ ಒಡಲೊಳಕ್ಕೆ ಹೋಗಿ ಕೂರುತ್ತೆ. ಹೊರಗಿನ ಪದರ ಉದುರಿದ್ರೂ ಅದರ ಹಿಡಿತ ಹೋಗಲ್ಲ. ಭೂಕಂಪ ತಾಳೋ ಕಟ್ಟಡಗಳ ಬಗ್ಗೆ ಇರೋ ಭಾರತೀಯ ಮಾನದಂಡ ಐಎಸ್ 13920 ಹೇಳೋದೂ ಇದನ್ನೇ: ಹುಕ್ 135 ಡಿಗ್ರಿ ಇರಬೇಕು. ಅದರ ಬಾಲ, 2016ರ ಆವೃತ್ತಿಯ ಪ್ರಕಾರ, ಕಂಬಿಯ ದಪ್ಪದ ಆರು ಪಟ್ಟು ಇರಬೇಕು, 65 ಮಿಲಿಮೀಟರಿಗಿಂತ ಕಡಿಮೆ ಆಗಬಾರದು.

ಆದರೆ ಇಲ್ಲೊಂದು ತಿರುವು ಇದೆ. ಈ ಮಾನದಂಡ ಕಡ್ಡಾಯ ಆಗೋದು ಭೂಕಂಪ ನಕ್ಷೆಯ ಮೂರನೇ ವಲಯದಿಂದ ಮೇಲಕ್ಕೆ. 2016ರ ಮಾನದಂಡದ ನಕ್ಷೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಎರಡನೇ ವಲಯದಲ್ಲಿವೆ. ಬೆಂಗಳೂರೂ ಅಲ್ಲೇ. ಅಂದ್ರೆ ನಮ್ಮ ಕಡೆ 135 ಡಿಗ್ರಿ ಅನ್ನೋದು ಐಚ್ಛಿಕ. ಮಾಡಿದ್ರೆ ಒಳ್ಳೇದು, ಮಾಡದಿದ್ರೆ ಕೇಳೋರಿಲ್ಲ.

ಸರಿ, ಲೆಕ್ಕ ಹಾಕೋಣ. ಕಾನೂನು ಕೇಳಲ್ಲ. ಕಣ್ಣಿಗೆ ಕಾಣಲ್ಲ. ಟನ್ ಲೆಕ್ಕದಲ್ಲೋ ಚದರಡಿ ಲೆಕ್ಕದಲ್ಲೋ ಕೂಲಿ ತಗೊಳ್ಳೋ ಬಾರ್ ಬೆಂಡರಿಗೆ ಹೆಚ್ಚು ಬಗ್ಗಿಸಿದ್ದಕ್ಕೆ ಹೆಚ್ಚು ದುಡ್ಡೂ ಇಲ್ಲ. ಈ ಮೂರೂ ಇಲ್ಲದ ಕಡೆ ಒಬ್ಬ ಮನುಷ್ಯ ಆ 45 ಡಿಗ್ರಿಯನ್ನ ಯಾಕೆ ಬಗ್ಗಿಸಬೇಕು?

ಚಿತ್ರದುರ್ಗದ ಕೋಟೆ ಕಟ್ಟಿದವರಿಗೆ ಈ ಕಷ್ಟ ಇರಲಿಲ್ಲ. ಅಲ್ಲಿ ಕಲ್ಲಿನ ಮೇಲೆ ಕಲ್ಲು, ಎಲ್ಲ ಬಯಲಲ್ಲೇ. ಕೆಲಸ ಕೆಟ್ಟದಾಗಿದ್ರೆ ಅವತ್ತಿನ ಮೇಸ್ತ್ರಿಗೂ ಗೊತ್ತಾಗುತ್ತಿತ್ತು, ಇವತ್ತು ಸೆಲ್ಫಿ ತೆಗೆಯೋಕೆ ಬಂದ ಟೂರಿಸ್ಟಿಗೂ ಗೊತ್ತಾಗುತ್ತೆ. ಕಾಂಕ್ರೀಟ್ ಹಾಗಲ್ಲ. ಅದು ಒಳ್ಳೆ ಕೆಲಸವನ್ನೂ ಕೆಟ್ಟ ಕೆಲಸವನ್ನೂ ಒಂದೇ ಬೂದು ಬಣ್ಣದಲ್ಲಿ ಮುಚ್ಚಿಬಿಡುತ್ತೆ. ನಮ್ಮ ಕಾಲದ ಬಹಳಷ್ಟು ಕೆಲಸಗಳೂ ಕಾಂಕ್ರೀಟಿನ ಥರಾನೇ. ಕೋಡ್ ಇರಲಿ, ಬ್ಯಾಲೆನ್ಸ್ ಶೀಟ್ ಇರಲಿ, ಲ್ಯಾಬ್ ರಿಪೋರ್ಟ್ ಇರಲಿ, ಹೊರಗಿನಿಂದ ನೋಡೋರಿಗೆ ಮೇಲಿನ ಪ್ಲಾಸ್ಟರಿಂಗ್ ಅಷ್ಟೇ ಗೊತ್ತಾಗೋದು.

ಇಂಥಾ ಕಡೆ ನಾವು ಸಾಮಾನ್ಯವಾಗಿ ಕೊಡೋ ಉತ್ತರ ಒಂದೇ: ಪ್ರಾಮಾಣಿಕತೆ. ಕೆಲಸ ಮಾಡೋನು ಪ್ರಾಮಾಣಿಕನಾಗಿದ್ರೆ ಎಲ್ಲ ಸರಿಯಾಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ಸಾಧಾರಣ ಮನೆ ತಗೊಳ್ಳಿ. 12 ಪಿಲ್ಲರ್, ಎರಡು ಅಂತಸ್ತು, ಒಂದೊಂದು ಅಂತಸ್ತು 3 ಮೀಟರ್ ಎತ್ತರ. 150 ಮಿಲಿಮೀಟರಿಗೊಂದು ರಿಂಗ್ ಅಂದ್ರೆ ಒಂದು ಪಿಲ್ಲರಿಗೆ ಒಂದು ಅಂತಸ್ತಿನಲ್ಲಿ 20 ರಿಂಗ್. ಒಟ್ಟು 480 ರಿಂಗ್, 960 ಹುಕ್. ಬೀಮುಗಳ ಲೆಕ್ಕ ಬೇರೆ. ಬೇಸಿಗೆಯ ಮಧ್ಯಾಹ್ನ, ಬಯಲುಸೀಮೆ ಬಿಸಿಲು, ಕಂಬಿ ಮುಟ್ಟಿದ್ರೆ ಕೈ ಸುಡುತ್ತೆ. ಅಲ್ಲಿ ಕೂತಿರೋ ಮನುಷ್ಯನಿಗೆ 960 ಸಲ ಪ್ರಾಮಾಣಿಕನಾಗಿರು ಅಂತ ಹೇಳೋದು, ನೆರಳಲ್ಲಿ ನಿಂತು ಕೊಡೋ ಉಪದೇಶ ಅಷ್ಟೇ. 700ನೇ ಹುಕ್ಕಿನ ಹೊತ್ತಿಗೆ ಎಂಥಾ ಸಜ್ಜನನ ತೋಳೂ ಸೋತಿರುತ್ತೆ. ಒಳ್ಳೆಯತನ ಪ್ರತಿ ಸಲವೂ ಮನಸ್ಸಿನಿಂದಲೇ ಹೊಸದಾಗಿ ಹುಟ್ಟಬೇಕು ಅಂತಿದ್ರೆ ಅದು ಸಂಜೆ ನಾಲ್ಕು ಗಂಟೆಯವರೆಗೂ ಬಾಳಲ್ಲ.

ಇಲ್ಲಿ ಬರುತ್ತೆ ನಮ್ಮ ಜಿಗ್.

ಜಿಗ್ ಅಂದ್ರೆ ದೊಡ್ಡ ಯಂತ್ರ ಏನಲ್ಲ. ಸೈಟಲ್ಲಿ ಒಂದು ಮರದ ಹಲಗೆಗೆ ನಾಲ್ಕು ದಪ್ಪ ಮೊಳೆಯೋ ಕಂಬಿ ತುಂಡೋ ಹೊಡೆದಿರ್ತಾರಲ್ಲ, ಅದೂ ಜಿಗ್ಗೇ. ಅದಕ್ಕಿಂತ ಸ್ವಲ್ಪ ಗಟ್ಟಿಯಾದದ್ದನ್ನ ಕಾರ್ ಶೆಡ್ಡಲ್ಲೇ ಒಂದು ಭಾನುವಾರ ಮಾಡಬಹುದು. ಚಿತ್ರದುರ್ಗ, ಹಿರಿಯೂರಿನಂಥ ಹೆದ್ದಾರಿ ಊರುಗಳಲ್ಲಿ ಇದಕ್ಕೆ ಬೇಕಾದ ಸಾಮಾನೆಲ್ಲ ಗುಜರಿ ಅಂಗಡಿಯಲ್ಲೇ ಸಿಗುತ್ತೆ. 10 ಎಂಎಂ ದಪ್ಪದ ಒಂದು ಕಬ್ಬಿಣದ ಪ್ಲೇಟು. ಅದರ ನಡುವೆ ಬಿಗಿಯಾಗಿ ಕೂರಿಸಿದ ಒಂದು ಗುಂಡನೆ ಪಿನ್ನು. 8 ಎಂಎಂ ಕಂಬಿಗೆ ಅಂತಾದ್ರೆ ಪಿನ್ನು ನಾಲ್ಕು ಪಟ್ಟು, ಅಂದ್ರೆ 32 ಎಂಎಂ ದಪ್ಪ ಇರಲಿ. ತೀರಾ ಸಣ್ಣ ಪಿನ್ನಿನ ಸುತ್ತ ಬಗ್ಗಿಸಿದ್ರೆ ಬಾಗಿನ ಹೊರಮೈ ಬಿರುಕು ಬಿಡೋ ಅಪಾಯ ಇದೆ. ಕಂಬಿಯ ಹಿಂಭಾಗ ಸರಿಯದ ಹಾಗೆ ತಡೆಯೋಕೆ ಪಕ್ಕದಲ್ಲಿ ಇನ್ನೊಂದು ಪಿನ್ನು. ನಡುವಿನ ಪಿನ್ನಿನ ಸುತ್ತ ತಿರುಗೋ ಹಾಗೆ ಮೀಟರ್ ಉದ್ದದ ಒಂದು ಹಿಡಿಕೆ, ಅದರ ಮೇಲೆ ಕಂಬಿಯನ್ನ ತಳ್ಳಿಕೊಂಡು ಹೋಗೋಕೆ ಹಳೇ ಬೇರಿಂಗಿನದೊಂದು ಉರುಳೆ. ಕೊನೆಯದಾಗಿ ಸ್ಟಾಪರ್: ಹಿಡಿಕೆ ತಿರುಗೋ ದಾರಿಯಲ್ಲಿ ಪ್ಲೇಟಿಗೆ ತೂತು ಕೊರೆದು ಒಂದು ಬೋಲ್ಟ್ ನಿಲ್ಲಿಸೋದು. ಹಿಡಿಕೆ ಬಂದು ಆ ಬೋಲ್ಟಿಗೆ ತಾಗಿತು ಅಂದ್ರೆ ಬಾಗು ಮುಗೀತು. ಮೂಲೆಗೊಂದು ತೂತು, ಹುಕ್ಕಿಗೊಂದು ತೂತು. ಇಷ್ಟೇ.

ಮಾಡೋಕೆ ಹೊರಟ್ರೆ ಮೊದಲು ಎದುರಾಗೋದು ಕಬ್ಬಿಣದ ಸ್ವಭಾವ. ಕಂಬಿ ಬಾಗುವಾಗ ಅದರ ಒಳಬದಿ ಒತ್ತಿಕೊಳ್ಳುತ್ತೆ, ಹೊರಬದಿ ಹಿಗ್ಗುತ್ತೆ, ನಡುವೆ ಎಲ್ಲೋ ಒಂದು ಗೆರೆ ಒತ್ತೂ ಇಲ್ಲದೆ ಹಿಗ್ಗೂ ಇಲ್ಲದೆ ಉಳಿಯುತ್ತೆ. ಸ್ವಲ್ಪವೇ ಬಗ್ಗಿಸಿ ಬಿಟ್ರೆ ಕಂಬಿ ಏನೂ ಆಗದ ಹಾಗೆ ವಾಪಸ್ ನೆಟ್ಟಗಾಗುತ್ತೆ. ಒಂದು ಮಿತಿ ದಾಟಿದ ಮೇಲೇ ಅದು ಶಾಶ್ವತವಾಗಿ ಬಾಗೋದು. ದಾಟಿದ ಮೇಲೂ, ಕೈ ಬಿಟ್ಟ ಕೂಡಲೇ, ಎರಡು ಮೂರು ಡಿಗ್ರಿ ಹಿಂದಕ್ಕೆ ಬರುತ್ತೆ. ವರ್ಕ್‌ಶಾಪ್ ಭಾಷೆಯಲ್ಲಿ ಇದು ಸ್ಪ್ರಿಂಗ್‌ಬ್ಯಾಕ್. ಹಳೇ ಕಾಲದ ಮೆದು ಉಕ್ಕಿಗಿಂತ ಈಗಿನ ಟಿಎಂಟಿ ಕಂಬಿಯಲ್ಲಿ ಇದು ಜಾಸ್ತಿ. ಉಕ್ಕು ಗಟ್ಟಿಯಾದಷ್ಟೂ ವಾಪಸ್ ಬರೋ ಚಟ ಹೆಚ್ಚು. ಹಾಗಾಗಿ 135 ಡಿಗ್ರಿ ಬೇಕು ಅಂದ್ರೆ ಬೋಲ್ಟನ್ನ 135ಕ್ಕೆ ನಿಲ್ಲಿಸಿದ್ರೆ ಸಾಲದು, 138ರ ಹತ್ತಿರ ನಿಲ್ಲಿಸಬೇಕು. ಬೇರೆ ಲೋಡಿನ ಕಂಬಿ ಬಂದ್ರೆ ಮತ್ತೆ ಒಂದು ತುಂಡು ಬಗ್ಗಿಸಿ, ಕೈ ಬಿಟ್ಟು, ಕೋನಮಾಪಕ ಇಟ್ಟು ನೋಡಬೇಕು. ಅಳತೆ ತಗೊಳ್ಳಬೇಕಾದದ್ದು ಹಿಡಿದಿರುವಾಗ ಅಲ್ಲ, ಬಿಟ್ಟ ಮೇಲೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆ, ನಾಯಿ ಬಾಲದ ಡೊಂಕಿನ ಗಾದೆ, ಎರಡೂ ಒಂದು ರೀತಿಯಲ್ಲಿ ಸ್ಪ್ರಿಂಗ್‌ಬ್ಯಾಕಿನ ಗಾದೆಗಳೇ. ಸ್ವಭಾವ ವಾಪಸ್ ಬರುತ್ತೆ ಅಂತ ಹೇಳಿ ಅವು ಕೈಚೆಲ್ಲುತ್ತವೆ. ಅರಿಸ್ಟಾಟಲ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗ್ತಾನೆ. ನಿಕೊಮೇಕಿಯನ್ ಎಥಿಕ್ಸ್‌ನ ಎರಡನೇ ಭಾಗದಲ್ಲಿ ಅವನು ಕೊಡೋ ಸಲಹೆ, ಬಡಗಿಯೊಬ್ಬ ಹೇಳಿದ ಹಾಗಿದೆ: ಡೊಂಕು ಕೋಲನ್ನ ನೆಟ್ಟಗೆ ಮಾಡೋರು ಅದನ್ನ ವಿರುದ್ಧ ದಿಕ್ಕಿಗೆ ಎಳೀತಾರಲ್ಲ, ಹಾಗೇ ನಾವೂ ನಮ್ಮ ಮನಸ್ಸು ಯಾವ ಕಡೆ ವಾಲುತ್ತೋ ಅದರ ಆಚೆ ಕಡೆಗೆ ನಮ್ಮನ್ನ ಎಳೆದುಕೊಂಡ್ರೆ ಮಧ್ಯಕ್ಕೆ ಬಂದು ನಿಲ್ತೀವಿ. ಜಿಗ್ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಸ್ವಭಾವ ವಾಪಸ್ ಬರುತ್ತೆ ಅನ್ನೋದು ನಿಜ. ಎಷ್ಟು ವಾಪಸ್ ಬರುತ್ತೆ ಅಂತ ಅಳೆದು, ಬೋಲ್ಟನ್ನ ಅಷ್ಟು ಮುಂದೆ ಇಟ್ಟರಾಯ್ತು.

ಈಗ ಆ ಬೋಲ್ಟು ಏನು ಮಾಡಿತು ನೋಡಿ. ಪ್ಲೇಟಿಗೆ ತೂತು ಕೊರೆಯೋ ಹೊತ್ತಿಗೆ ಒಬ್ಬರು ಒಂದೇ ಒಂದು ನಿರ್ಧಾರ ತಗೊಂಡ್ರು: ಹುಕ್ 135 ಡಿಗ್ರಿ ಇರಬೇಕು. ಆಮೇಲೆ 960 ಸಲ ಹಿಡಿಕೆ ಎಳೆಯೋ ಮನುಷ್ಯ ಆ ನಿರ್ಧಾರವನ್ನ ಮತ್ತೆ ತಗೊಳ್ಳಬೇಕಿಲ್ಲ. ಬೋಲ್ಟ್ ತಾಗೋವರೆಗೂ ಎಳೆದರೆ ಸಾಕು. ಅವನಿಗೆ ಸುಸ್ತಾಗಿರಲಿ, ಮನೆ ಚಿಂತೆ ಇರಲಿ, ಮೇಸ್ತ್ರಿ ಮೇಲೆ ಸಿಟ್ಟಿರಲಿ, 700ನೇ ಹುಕ್ಕೂ ಮೊದಲನೆಯದರ ಹಾಗೇ ಬರುತ್ತೆ. ಒಂದು ಹುಕ್ಕಿಗೆ ಹೆಚ್ಚು ಅಂದ್ರೆ 3 ಸೆಕೆಂಡ್ ಜಾಸ್ತಿ ಹಿಡೀತು ಅಂತ ಇಟ್ಕೊಂಡ್ರೂ ಒಟ್ಟು 48 ನಿಮಿಷ. ಎರಡಂತಸ್ತಿನ ಮನೆಯ ಎಲ್ಲ ಪಿಲ್ಲರಿಗೆ ಸೇರಿ, ಒಂದು ಗಂಟೆಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಅದು ಸಣ್ಣದಲ್ಲ. ಬೋಲ್ಟ್ ಇದೆ ಅಂತ 135 ಬಗ್ಗಿಸಿದವನಲ್ಲಿ ಒಳ್ಳೆಯತನ ಏನು ಬಂತು? ಬೇರೆ ದಾರಿ ಇಲ್ಲದೆ ಸರಿಯಾದದ್ದನ್ನ ಮಾಡಿದವನನ್ನ ಒಳ್ಳೆಯವನು ಅನ್ನೋಕಾಗುತ್ತಾ? ಕ್ಯಾಂಟ್ ಕೇಳಿದ್ರೆ, ಕರ್ತವ್ಯ ಅಂತ ಅರಿತು ಮಾಡಿದ ಕೆಲಸಕ್ಕೆ ಮಾತ್ರ ನೈತಿಕ ಬೆಲೆ ಅಂತಾನೆ. ಹಿಡಿಕೆ ಎಳೆದವನಿಗೆ ಆ ಅಂಕ ಸಿಗಲ್ಲ.

ನನ್ನ ಪ್ರಕಾರ, ಸಿಗದಿದ್ರೆ ಬೇಡ ಬಿಡಿ. ಪಿಲ್ಲರ್ ಕೆಳಗೆ ಮಲಗಿರೋ ಮಗುವಿಗೆ ರಿಂಗ್ ಬಗ್ಗಿಸಿದವನ ಉದ್ದೇಶದ ಶುದ್ಧಿಯಿಂದ ಆಗಬೇಕಾದ್ದು ಏನೂ ಇಲ್ಲ. ಹುಕ್ ಒಳಗೆ ತಿರುಗಿದೆಯಾ ಇಲ್ವಾ ಅಷ್ಟೇ ಅದಕ್ಕೆ ಸಂಬಂಧ. ಮನುಷ್ಯರು ಸಾಧಾರಣರು, ಸುಸ್ತಾಗ್ತಾರೆ, ಮರೀತಾರೆ. ಸಾಧಾರಣ ಮನುಷ್ಯ ಒಂದು ಸಾಧಾರಣ ದಿನ, ವೀರ ಆಗದೇನೇ, ಸರಿಯಾದದ್ದನ್ನ ಮಾಡೋಕೆ ಆಗೋ ಹಾಗೆ ದಾರಿ ಮಾಡಿಡೋದು ದೊಡ್ಡ ಉಪಕಾರ. ಇನ್ನೊಂದು ವಿಷಯ: ಕಟ್ಟುತ್ತಾ ಕಟ್ಟುತ್ತಾ ಕಟ್ಟುವವರಾಗ್ತೀವಿ, ನ್ಯಾಯದ ಕೆಲಸ ಮಾಡ್ತಾ ಮಾಡ್ತಾ ನ್ಯಾಯವಂತರಾಗ್ತೀವಿ ಅಂದವನೂ ಅದೇ ಅರಿಸ್ಟಾಟಲ್. ಸಾವಿರ ಹುಕ್ಕನ್ನ 135ಕ್ಕೆ ಬಗ್ಗಿಸಿದ ಕೈಗೆ, ಮುಂದಿನ ಸೈಟಲ್ಲಿ ಜಿಗ್ ಇಲ್ಲದಿದ್ರೂ, 90ಕ್ಕೆ ನಿಲ್ಲಿಸಿದ್ದು ಅರ್ಧಂಬರ್ಧ ಅನ್ನಿಸುತ್ತೆ.

ಆದರೆ ಜಿಗ್ಗಿನ ಇನ್ನೊಂದು ಮುಖವನ್ನ ನೋಡದೆ ಇದನ್ನ ಹೊಗಳಬಾರದು. ಬೋಲ್ಟನ್ನ 90ಕ್ಕೆ ನಿಲ್ಲಿಸಿದ್ರೆ? ಆಗಲೂ ಹಿಡಿಕೆ ಅಷ್ಟೇ ಸಲೀಸಾಗಿ ತಿರುಗುತ್ತೆ. 960 ಹುಕ್ಕುಗಳೂ ಅಷ್ಟೇ ಅಚ್ಚುಕಟ್ಟಾಗಿ, ಒಂದೇ ಅಳತೆಯಲ್ಲಿ, ತಪ್ಪಾಗಿ ಬರ್ತವೆ. ಕೈಯಲ್ಲೇ ಬಗ್ಗಿಸೋನು ತಪ್ಪಿದ್ರೆ ಹತ್ತರಲ್ಲಿ ಮೂರು ತಪ್ಪಾಗಬಹುದು. ಜಿಗ್ ತಪ್ಪಿದ್ರೆ ಹತ್ತಕ್ಕೆ ಹತ್ತು. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಯಾರಿಗೂ ತಾವು ತಪ್ಪು ಮಾಡಿದ್ವಿ ಅಂತ ಅನ್ನಿಸೋದೇ ಇಲ್ಲ. ಎಳೆದವನು ಬೋಲ್ಟ್ ತೋರಿಸ್ತಾನೆ. ಬೋಲ್ಟ್ ಇಟ್ಟವನು ನಾನು ಒಂದು ಹುಕ್ಕನ್ನೂ ಬಗ್ಗಿಸಿಲ್ಲ ಅಂತಾನೆ.

2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪ ಆದಾಗ, ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರ ಇದ್ದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದವು. ಕಾರಣ ಒಂದೇ ಅಲ್ಲ. ಪಾರ್ಕಿಂಗಿಗೆ ಅಂತ ಕೆಳಗಿನ ಅಂತಸ್ತನ್ನ ಗೋಡೆ ಇಲ್ಲದೆ ಬಿಟ್ಟಿದ್ದು, ಪಿಲ್ಲರ್ ಸಣ್ಣ ಇದ್ದದ್ದು, ರಿಂಗ್ ದೂರದೂರ ಕಟ್ಟಿದ್ದು, ಜೊತೆಗೆ ಇದೇ 90 ಡಿಗ್ರಿ ಹುಕ್. ಆಮೇಲೆ ಐಐಟಿ ಕಾನ್ಪುರದ ಪ್ರೊಫೆಸರ್ ಸಿ.ವಿ.ಆರ್. ಮೂರ್ತಿ ಅವರು ಸಾಮಾನ್ಯ ಓದುಗರಿಗೆ ಅಂತ ಬರೆದ ಭೂಕಂಪ ಟಿಪ್ಪಣಿಗಳಲ್ಲಿ 135 ಡಿಗ್ರಿ ಹುಕ್ಕಿನ ಚಿತ್ರ ಇದೆ. ಶಾಲಾ ಹುಡುಗರಿಗೂ ಅರ್ಥ ಆಗೋ ಚಿತ್ರ. ಮಾಹಿತಿ ಇಲ್ಲ ಅನ್ನೋ ನೆಪ ಅಲ್ಲಿಗೆ ಮುಗೀತು. ಆ ಮಾಹಿತಿ ಬೋಲ್ಟಿನ ತೂತಿನವರೆಗೂ ತಲುಪಿತಾ ಅನ್ನೋದೊಂದೇ ಉಳಿದ ಪ್ರಶ್ನೆ.

ನಕ್ಷೆ ನಮಗೆ ಎರಡನೇ ವಲಯ ಅಂದಿದೆಯಲ್ಲ ಅನ್ನಬಹುದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಮ್ಮ ಗಡಿಗೆ ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿ ಭಾಗದಲ್ಲಿ ಸಾವಿರಾರು ಜನ ಸತ್ತರು. ಅವತ್ತಿನ ನಕ್ಷೆಯಲ್ಲಿ ಆ ಜಾಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಅಲ್ಲಿ ಬಿದ್ದದ್ದು ಕಲ್ಲು-ಮಣ್ಣಿನ ಮನೆಗಳು, ಹುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ ನಿಜ. ಆದರೆ 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯ ಅನ್ನೋದನ್ನೇ ತೆಗೆದುಹಾಕಿದ್ರು. ನಕ್ಷೆಯೂ ಮನುಷ್ಯರು ಇಟ್ಟ ಬೋಲ್ಟೇ ತಾನೆ. ಅದು ಸರಿಯೋದೂ ಉಂಟು.

ಹಾಗಾದ್ರೆ ಮೊದಲಿನ ಪ್ರಶ್ನೆಗೆ ಬರೋಣ. ಜವಾಬ್ದಾರಿ ಯಾರದ್ದು: ಹಿಡಿಕೆ ಎಳೆದವರದ್ದಾ, ಬೋಲ್ಟ್ ಇಟ್ಟವರದ್ದಾ?

ನನ್ನ ಉತ್ತರ ಇದು. ಕೋನದ ಜವಾಬ್ದಾರಿ ಬೋಲ್ಟ್ ಇಟ್ಟವರದ್ದು, ಪೂರ್ತಿಯಾಗಿ. ಪ್ರತಿ ತುಂಡಿಗೂ ಅವರೇ ಉತ್ತರ ಕೊಡಬೇಕು. ಒಂದನ್ನೂ ಕೈಯಾರೆ ಬಗ್ಗಿಸಿಲ್ಲ ಅನ್ನೋದು ಅವರ ಪಾಲನ್ನ ಕಡಿಮೆ ಮಾಡಲ್ಲ, 960 ಪಟ್ಟು ಹೆಚ್ಚಿಸುತ್ತೆ. ಎಳೆಯೋರಿಗೆ ಉಳಿಯೋ ಜವಾಬ್ದಾರಿ ಬೇರೆ ಥರದ್ದು. ಗಮನಿಸೋದು. ಬೋಲ್ಟ್ ಸಡಿಲ ಆಗಿದೆ, ಈ ಲೋಡಿನ ಕಂಬಿ ಜಾಸ್ತಿ ವಾಪಸ್ ಬರ್ತಿದೆ, ಈ ಕೋನ ನನಗ್ಯಾಕೋ ಸರಿ ಕಾಣ್ತಿಲ್ಲ ಅಂತ ಹೇಳೋದು. ಆದರೆ ಹೇಳೋ ಜವಾಬ್ದಾರಿ ಹೊರಿಸಬೇಕಾದ್ರೆ ಹೇಳೋ ಹಕ್ಕನ್ನೂ ಕೊಟ್ಟಿರಬೇಕು. ಹೇಳಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅನ್ನೋ ಕಡೆ, ಎಳೆದವನ ಮೇಲೆ ತಪ್ಪು ಹಾಕೋದು ಅನ್ಯಾಯ.

ಫ್ರೆಡರಿಕ್ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ವಗಳು ಅಂತ ಪುಸ್ತಕ ಬರೆದಾಗ ಮಾಡಿದ್ದು ಈ ಎರಡನ್ನ ಬೇರ್ಪಡಿಸೋ ಕೆಲಸ: ಯೋಚನೆ ಮಾಡೋರು ಬೇರೆ, ಎಳೆಯೋರು ಬೇರೆ. ಅದರಿಂದ ಉತ್ಪಾದನೆ ಏರಿತು, ನಿಜ. ಆದರೆ ಬೋಲ್ಟ್ ಇಡೋರು ಹಿಡಿಕೆ ಮುಟ್ಟಲ್ಲ, ಹಿಡಿಕೆ ಎಳೆಯೋರು ಬೋಲ್ಟ್ ಮುಟ್ಟೋ ಹಾಗಿಲ್ಲ ಅನ್ನೋ ಜಗತ್ತೂ ಅದರ ಜೊತೆಗೇ ಬಂತು. ನಾವು ದಿನಾ ಓಡಾಡೋ ಜಗತ್ತು ಅದೇ. ಹತ್ತು ನಿಮಿಷದಲ್ಲಿ ದಿನಸಿ ತರೋ ಹುಡುಗ ಸಿಗ್ನಲ್ ಜಂಪ್ ಮಾಡಿದಾಗ ನಾವು ಬೈಯೋದು ಹುಡುಗನನ್ನ. ಹತ್ತು ಅನ್ನೋ ಬೋಲ್ಟನ್ನ ಎಸಿ ರೂಮಲ್ಲಿ ಕೂತು ಇಟ್ಟವರು ಇದ್ದಾರಲ್ಲ, ಅವರು ನಮ್ಮಂಥವರೇ. ಕೆಲವು ಸಲ ನಾವೇ. ಫಾರ್ಮಿನಲ್ಲಿ ಮೊದಲೇ ಟಿಕ್ ಆಗಿರೋ ಒಂದು ಚೌಕ, ಸಾಲದ ಅರ್ಜಿಯನ್ನ ತಾನಾಗೇ ತಿರಸ್ಕರಿಸೋ ಒಂದು ಷರತ್ತು, ಎಲ್ಲ ಟೀಮಿಗೂ ಕಾಪಿ ಆಗೋ ಎಕ್ಸೆಲ್ ಟೆಂಪ್ಲೇಟಿನ ಒಂದು ಫಾರ್ಮುಲಾ, ಇವೆಲ್ಲ ಬೋಲ್ಟುಗಳು. ಸ್ಪ್ರಿಂಟ್ ಮುಗಿಸೋ ಅವಸರದಲ್ಲಿ ಐದು ನಿಮಿಷದಲ್ಲಿ ಇಟ್ಟಿರ್ತೀವಿ. ಆಮೇಲೆ ಅದು ಲಕ್ಷ ಸಲ ಬಗ್ಗಿಸುತ್ತೆ, ನಾವು ನಿದ್ದೆ ಮಾಡುವಾಗಲೂ.

ಶೆಡ್ಡಲ್ಲಿ ಸ್ವಂತ ಜಿಗ್ ಮಾಡೋದರ ಬೆಲೆ ಇರೋದು ಇಲ್ಲೇ ಅಂತ ಕಾಣುತ್ತೆ. ಅಲ್ಲಿ ತೂತು ಕೊರೆಯೋರೂ ನೀವೇ, ಹಿಡಿಕೆ ಎಳೆಯೋರೂ ನೀವೇ. ತೋಳಿಗೆ ನೋವಾದ್ರೆ ಹಿಡಿಕೆ ಗಿಡ್ಡ ಮಾಡಿದ್ದು ಯಾರು ಅಂತ ಹುಡುಕಬೇಕಿಲ್ಲ. ಕೋನ ತಪ್ಪಿದ್ರೆ ಬೆರಳು ತೋರಿಸೋಕೆ ಇನ್ನೊಬ್ಬರಿಲ್ಲ. ಸ್ಟಾಪರಿಗೆ ಒಂದೇ ತೂತು ಸಾಲದು, ಅಕ್ಕಪಕ್ಕ ಎರಡು ಮೂರು ಇರಲಿ, ಕಂಬಿ ಬದಲಾದಾಗ ಬೇಕಾಗುತ್ತೆ ಅನ್ನೋದು ಎಳೆದವರಿಗೇ ಹೊಳೆಯೋದು. ಒಳ್ಳೆ ನಿಯಮಕ್ಕೂ ಅಷ್ಟೇ, ಗಟ್ಟಿಯಾಗಿ ನಿಲ್ಲೋ ಬೋಲ್ಟೂ ಬೇಕು, ಅದನ್ನ ಸರಿಸೋಕೆ ಪಕ್ಕದಲ್ಲೊಂದು ತೂತೂ ಬೇಕು.

ಇನ್ನು ನೇರವಾಗಿ ನಮಗೆ ತಾಗೋ ಮಾತು. ಇದನ್ನ ಓದ್ತಿರೋ ಎಷ್ಟೋ ಜನ ಬೆಂಗಳೂರಲ್ಲಿ ದುಡಿದು ಊರಲ್ಲಿ ಅಪ್ಪ-ಅಮ್ಮನಿಗೆ ಮನೆ ಕಟ್ಟಿಸ್ತಿರೋರು, ಅಥವಾ ನಾಳೆ ಕಟ್ಟಿಸೋರು. ಹೊಸದುರ್ಗದಲ್ಲಿ ತೆಂಗಿನ ತೋಟದ ಪಕ್ಕದ ಸೈಟು, ಹೊಳಲ್ಕೆರೆಯಲ್ಲಿ ಅಡಿಕೆ ದುಡ್ಡಿಗೆ ನಮ್ಮ ಇಎಂಐ ಸೇರಿಸಿ ಎಬ್ಬಿಸ್ತಿರೋ ಎರಡಂತಸ್ತು. ನಾವು ನಡೆಸೋದು ವಾಟ್ಸಾಪಿನಲ್ಲಿ. ಟೈಲ್ಸ್ ಬಣ್ಣಕ್ಕೆ ನಲವತ್ತು ಫೋಟೊ ತರಿಸ್ಕೊಳ್ತೀವಿ. ಮುಂಬಾಗಿಲ ಕೆತ್ತನೆಗೆ ವಿಡಿಯೋ ಕಾಲ್. ರಿಂಗಿನ ಫೋಟೊ ಒಂದೂ ಕೇಳಲ್ಲ. ಆಮೇಲೆ ಚದರಡಿಗೆ ಹತ್ತು ರೂಪಾಯಿ ಕಮ್ಮಿ ಮಾಡಿ ಅಂತ ಮೇಸ್ತ್ರಿ ಜೊತೆ ಚೌಕಾಸಿ ಮಾಡ್ತೀವಿ. ಆ ಹತ್ತು ರೂಪಾಯಿ ಎಲ್ಲಿಂದ ಬರಬೇಕು? ಟೈಲ್ಸಿನಿಂದ ಬರಲ್ಲ, ಅದು ಕಾಣುತ್ತೆ. ಕಾಣದ ಕಡೆಯಿಂದಲೇ ಬರುತ್ತೆ. ಚೌಕಾಸಿ ಮಾಡಿದ ಆ ಕ್ಷಣದಲ್ಲಿ ಬೋಲ್ಟನ್ನ 135ರಿಂದ 90ಕ್ಕೆ ಸರಿಸಿದವರು ನಾವು. ಬಾರ್ ಬೆಂಡರ್ ಎಳೆದದ್ದು ಅಷ್ಟೇ.

ಅವನ ಕಷ್ಟವನ್ನೂ ಹೇಳಬೇಕು, ಅದು ಸುಳ್ಳಲ್ಲ. ಎರಡೂ ತುದಿ 135ಕ್ಕೆ ಬಗ್ಗಿದ ರಿಂಗನ್ನ ಪಕ್ಕದಿಂದ ತೊಡಿಸೋಕಾಗಲ್ಲ, ಮೇಲಿನಿಂದಲೇ ಇಳಿಸಬೇಕು. ಬೀಮು ಬಂದು ಪಿಲ್ಲರಿಗೆ ಸೇರೋ ಜಾಗದಲ್ಲಿ ಕಂಬಿಗಳ ಕಾಡು, ಅಲ್ಲಿ ಹುಕ್ ಸಿಕ್ಕಿಹಾಕ್ಕೊಳ್ಳುತ್ತೆ. ರಿಂಗುಗಳನ್ನ ಮೊದಲೇ ಲೆಕ್ಕ ಹಾಕಿ ಸರಿಯಾದ ಕ್ರಮದಲ್ಲಿ ಇಳಿಸಬೇಕು. ಹಾಗಾಗಿ 48 ನಿಮಿಷ ಅನ್ನೋದು ಬಗ್ಗಿಸೋ ಲೆಕ್ಕ ಮಾತ್ರ. ಕಟ್ಟೋದು ಸೇರಿದ್ರೆ ಒಂದು ದಿನವೋ ಎರಡು ದಿನವೋ ಹೆಚ್ಚು ಹಿಡಿಯುತ್ತೆ ಅಂತ ಇಟ್ಕೊಳ್ಳಿ. ಆ ದಿನಗಳ ಕೂಲಿಯನ್ನ ಬಾಯಿಬಿಟ್ಟು ಹೇಳಿ ಕೊಡೋದು ನಮ್ಮ ಪಾಲಿನ ಬೋಲ್ಟು. ಪ್ರಾಮಾಣಿಕತೆಯನ್ನ ಅವನಿಂದ ಬಯಸಿ, ಅದರ ಖರ್ಚನ್ನೂ ಅವನ ತಲೆಗೇ ಕಟ್ಟೋದು ಯಾವ ಊರಿನ ನ್ಯಾಯ?

ಇಷ್ಟೆಲ್ಲ ಮಾಡಿದ ಮೇಲೂ ಆ ಹುಕ್ ಯಾವತ್ತೂ ಉಪಯೋಗಕ್ಕೆ ಬರದೇ ಇರಬಹುದು. ಬಹುಶಃ ಬರಲ್ಲ. ಬರಲಿ ಅಂತ ಯಾರೂ ಬಯಸೋದೂ ಇಲ್ಲ. ಉಪಯೋಗಕ್ಕೇ ಬಾರದ ಒಳ್ಳೆ ಕೆಲಸಕ್ಕೆ ಅರ್ಥ ಏನು?

ಹಿರಿಯೂರಿನ ಹತ್ತಿರ ಮಾರಿಕಣಿವೆ ಇದೆಯಲ್ಲ, ವಾಣಿ ವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಪೂರ್ತಿ ಮಟ್ಟ 130 ಅಡಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ? 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಆ ಕೋಡಿಯನ್ನ ಕಟ್ಟಿದವರು ಯಾರೂ 2022ರಲ್ಲಿ ಇರಲಿಲ್ಲ, ಅವರ ಮಕ್ಕಳೂ ಬಹುಮಟ್ಟಿಗೆ ಇರಲಿಲ್ಲ. ಎರಡು ಮೂರು ತಲೆಮಾರು ಒಣ ಕೋಡಿಯನ್ನೇ ನೋಡಿಕೊಂಡು ಬೆಳೆದವು. ನೀರು ಬಂದ ದಿನ, ಎಲ್ಲಿ ಹರಿಯಬೇಕು ಅಂತ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಯೋಚಿಸಿ ಇಟ್ಟಿದ್ರೋ ಅಲ್ಲೇ ಹರೀತು. ಮತ್ತೆ 2025ರ ಜನವರಿಯಲ್ಲೂ ಹರೀತು. ಜನ ಕುಟುಂಬ ಸಮೇತ ಹೋಗಿ ನೋಡಿಕೊಂಡು ಬಂದ್ರು. ಆ 89 ವರ್ಷ ಕೋಡಿ ವ್ಯರ್ಥವಾಗಿತ್ತು ಅಂತ ಹೇಳೋಕಾಗುತ್ತಾ? ಅಷ್ಟೂ ವರ್ಷ ಕೆಳಗಿನ ಊರುಗಳು ನೆಮ್ಮದಿಯಾಗಿ ಮಲಗಿದ್ದಕ್ಕೆ ಅದೂ ಒಂದು ಕಾರಣ.

ಹುಕ್ಕೂ ಅಷ್ಟೇ. ಅದು ಕೆಲಸ ಮಾಡಬೇಕಾದದ್ದು, ಮಾಡಿದ್ರೆ, ಕೆಲವು ಸೆಕೆಂಡು. ಅದಕ್ಕಾಗಿ ಐವತ್ತು ವರ್ಷ ಕತ್ತಲಲ್ಲಿ ಕಾಯುತ್ತೆ.

ಆದ್ದರಿಂದ ಮುಂದಿನ ಸಲ ಊರಿಂದ ಫೋಟೊ ಬಂದಾಗ, ಟೈಲ್ಸಿಗೆ ಮುಂಚೆ, ಕಾಂಕ್ರೀಟ್ ಸುರಿಯೋಕೆ ಒಂದು ದಿನ ಮುಂಚೆ, ರಿಂಗಿನ ನಾಲ್ಕನೇ ಮೂಲೆಯ ಫೋಟೊ ಒಂದನ್ನ ಕೇಳಿ. ಹೆಚ್ಚಿನ ಕೂಲಿಯ ಮಾತನ್ನ ಅದಕ್ಕಿಂತ ಒಂದು ತಿಂಗಳು ಮುಂಚೆ ಮುಗಿಸಿರಿ. ಸಾಧ್ಯ ಆದ್ರೆ ಒಂದು ವೀಕೆಂಡ್ ಹೋಗಿ, ಸೈಟಲ್ಲಿರೋ ಹಲಗೆಯ ಮೊಳೆ ಯಾವ ಕೋನಕ್ಕಿದೆ ಅಂತ ನೋಡಿ, ಬೆಂಡರ್ ಹತ್ರ ಕೂತು ಒಂದು ಹತ್ತು ರಿಂಗ್ ನೀವೇ ಬಗ್ಗಿಸಿ. ಹತ್ತಕ್ಕೇ ತೋಳು ಮಾತಾಡುತ್ತೆ. ಸೋಮವಾರ ಆಫೀಸಿಗೆ ಬಂದ ಮೇಲೆ, ನೀವು ಇಟ್ಟ ಬೋಲ್ಟುಗಳಲ್ಲಿ ಒಂದನ್ನಾದರೂ ತೆಗೆದು ನೋಡಿ, ಅದು ಯಾರ ತೋಳನ್ನ ಎಷ್ಟು ಸಲ ಎಳೆಸ್ತಿದೆ ಅಂತ.